ಬಹುರೂಪಿ ಬೈಕುಗಳ ಕಾಲ

1969ರ ಜನವರಿ. ಅಮೆರಿಕದ ನೆವಾಡಾ ರಾಜ್ಯದ ರೀನೋ ಊರಿನಲ್ಲಿ ಹೋಂಡಾ ಕಂಪನಿ ತನ್ನ ಡೀಲರುಗಳನ್ನು ಕೂಡಿಸಿತ್ತು. ಹಿಂದಿನ ಅಕ್ಟೋಬರಿನಲ್ಲಿ ಟೋಕಿಯೋ ಮೋಟಾರ್ ಶೋದಲ್ಲಿ ಎಲ್ಲರ ಕಣ್ಣು ಸೆಳೆದಿದ್ದ ಹೊಸ ಬೈಕಿಗೆ ಬೆಲೆ ಎಷ್ಟು ಎಂಬುದಷ್ಟೇ ಅವತ್ತಿನ ಕುತೂಹಲ. 1,495 ಡಾಲರ್ ಎಂದು ಕೇಳಿದಾಗ ಸಭೆಯಲ್ಲಿ ಚಪ್ಪಾಳೆ ಬಿತ್ತು. ಮೂರು ಸಿಲಿಂಡರಿನ ಬ್ರಿಟಿಷ್ ಟ್ರಯಂಫ್ ಟ್ರೈಡೆಂಟ್ ಇದಕ್ಕಿಂತ ದುಬಾರಿಯಾಗಿತ್ತು. ಹೋಂಡಾ ಕೊಡುತ್ತಿದ್ದುದು ನಾಲ್ಕು ಸಿಲಿಂಡರು, ಮುಂದೆ ಡಿಸ್ಕ್ ಬ್ರೇಕು, ಐದು ಗೇರು, ಮೇಲೆ ಸೆಲ್ಫ್ ಸ್ಟಾರ್ಟ್. ಒಂದೊಂದಾಗಿ ನೋಡಿದರೆ ಇವು ಯಾವುವೂ ಲೋಕಕ್ಕೆ ಹೊಸತಲ್ಲ. ಇಷ್ಟನ್ನೂ ಒಂದೇ ಬೈಕಿಗೆ ಜೋಡಿಸಿ, ಸಂಬಳದ ಮನುಷ್ಯ ಕೊಳ್ಳುವ ಬೆಲೆಗೆ ಕೊಟ್ಟವರು ಮಾತ್ರ ಅದುವರೆಗೆ ಇರಲಿಲ್ಲ.

ಆ ಬೈಕಿನ ಹೆಸರು ಸಿಬಿ750. ಹೋಂಡಾದವರು ಅಂದುಕೊಂಡಿದ್ದು ವರ್ಷಕ್ಕೆ 1,500 ಮಾರಿದರೆ ಸಾಕು ಎಂದು. ಬೇಡಿಕೆ ಬಂದ ಪರಿ ನೋಡಿ ಅದು ತಿಂಗಳಿಗೆ 1,500 ಆಯಿತು, ಆಮೇಲೆ ತಿಂಗಳಿಗೆ 3,000. ಕಡಿಮೆ ಸಂಖ್ಯೆಯ ಲೆಕ್ಕದಲ್ಲಿ ಶುರು ಮಾಡಿದ್ದರಿಂದ ಮೊದಲ 7,414 ಬೈಕುಗಳ ಕ್ರ್ಯಾಂಕ್‌ಕೇಸುಗಳಿಗೆ ದುಬಾರಿ ಅಚ್ಚು ಮಾಡಿಸಿರಲಿಲ್ಲ. ಹೊರಮೈ ಒರಟೊರಟಾಗಿ ಉಳಿದಿತ್ತು. ಇವತ್ತು ಸಂಗ್ರಾಹಕರು ಆ ಒರಟುತನವನ್ನೇ ಬೆರಳಿನಿಂದ ಸವರಿ ನೋಡಿ ಲಕ್ಷಗಟ್ಟಲೆ ಹಣ ಎಣಿಸುತ್ತಾರೆ. ಕಾರ್ಖಾನೆಯ ಜಿಪುಣತನಕ್ಕೆ ಇಷ್ಟು ಬೆಲೆ ಬಂದ ಉದಾಹರಣೆ ಬೇರೆ ಸಿಗಲಿಕ್ಕಿಲ್ಲ.

ಈ ಯೋಜನೆಯ ಮುಂದಾಳು ಯೊಶಿರೋ ಹರಾಡ. 1965ರಲ್ಲಿ ಬಂದ ಹೋಂಡಾದ ಸಿಬಿ450, ಗಾತ್ರದಲ್ಲಿ ತನಗಿಂತ ದೊಡ್ಡದಾದ ಬ್ರಿಟಿಷ್ ಬೈಕುಗಳಿಗೆ ಸರಿಗಟ್ಟಬಲ್ಲದಾಗಿದ್ದರೂ ಅಮೆರಿಕದಲ್ಲಿ ಅಂದುಕೊಂಡಷ್ಟು ಓಡಲಿಲ್ಲ. ಅಲ್ಲಿಯವರಿಗೆ ದೊಡ್ಡ ಇಂಜಿನ್ನೇ ಬೇಕು ಎಂಬುದು ಹರಾಡಗೆ ಅರ್ಥವಾಯಿತು. ಸೊಇಚಿರೋ ಹೋಂಡಾಗೆ ಅದು ಮನದಟ್ಟಾದದ್ದು ಸ್ವಿಟ್ಜರ್ಲೆಂಡಿನಲ್ಲಂತೆ. ಅಲ್ಲಿ ರಸ್ತೆ ಬದಿ ಪೊಲೀಸನೊಬ್ಬ ಹತ್ತಿ ಹೊರಟ ಬೈಕು ಅವರ ಕಣ್ಣಿಗೆ ಪುಟ್ಟದಾಗಿ ಕಂಡಿತು. ನೋಡಿದರೆ ಅದು 750 ಸಿಸಿಯ ಟ್ರಯಂಫ್! ಹೋಂಡಾ ಕಂಪನಿ ತನ್ನ ಚರಿತ್ರೆಯಲ್ಲಿ ಈ ಕಥೆಯನ್ನು ಸಂತೋಷದಿಂದ ಹೇಳಿಕೊಳ್ಳುತ್ತದೆ. ಶಕ್ತಿಯ ಗುರಿ ಇಟ್ಟದ್ದೂ ಇಷ್ಟೇ ಸರಳವಾಗಿ. ಆಗಿನ ಹಾರ್ಲೆ ಡೇವಿಡ್‌ಸನ್‌ನ ದೊಡ್ಡ ಬೈಕಿಗೆ 66 ಅಶ್ವಶಕ್ತಿ. ಹಾಗಾದರೆ ನಮ್ಮದು 67 ಇರಲಿ. 736 ಸಿಸಿಯ ಇಂಜಿನ್ನಿನಿಂದ ಅಷ್ಟನ್ನೂ ಹೊರಡಿಸಿದರು.

ಇವಿಷ್ಟು ಎಲ್ಲ ಪುಸ್ತಕಗಳಲ್ಲೂ ಸಿಗುವ ಮಾತು. ನನಗೆ ಮುಖ್ಯವೆನಿಸುವುದು ಆ ಬೈಕಿನ ಬಗ್ಗೆ ಯಾರೂ ಬರೆಯದೆ ಬಿಟ್ಟ ಸಂಗತಿಗಳು. ಹ್ಯಾಂಡಲ್ ಎತ್ತರವಾಗಿ ಅಗಲವಾಗಿ ಇತ್ತು. ಸೀಟು ಉದ್ದಕ್ಕೆ, ಚಪ್ಪಟೆ. ಇಬ್ಬರು ಕೂತು ಹಿಂದೆ ಗಂಟುಮೂಟೆ ಕಟ್ಟಬಹುದು. ಕಾಲಿಡುವ ಜಾಗ ಸವಾರನ ಸೊಂಟದ ಕೆಳಗೇ. ಬೆನ್ನು ನೆಟ್ಟಗೆ, ನೋಟ ನೇರಕ್ಕೆ. ಇಂಜಿನ್ನಿಗೆ ಮುಸುಕು ಇಲ್ಲ. ಉಕ್ಕಿನ ಕೊಳವೆಗಳ ಚೌಕಟ್ಟಿನೊಳಗೆ ಅದನ್ನು ಬೋಲ್ಟುಗಳಿಂದ ಕಟ್ಟಿ ಕೂರಿಸಿದ್ದಾರೆ, ಅಷ್ಟೇ. ಟ್ಯಾಂಕು ಬೇರೆ, ಸೀಟು ಬೇರೆ, ದೀಪ ಬೇರೆ. ಯಾವುದನ್ನು ಬಿಚ್ಚಿದರೂ ಉಳಿದದ್ದು ಹಾಗೇ ನಿಲ್ಲುತ್ತದೆ. ಈ ಬೈಕು ಏತಕ್ಕಾಗಿ ಎಂದು ಕೇಳಿದರೆ ಅದರ ಮೈಯಲ್ಲಿ ಉತ್ತರ ಇರಲಿಲ್ಲ. ಆಫೀಸಿಗೆ ಹೋಗುವವನು, ಸಾವಿರ ಮೈಲಿ ಪ್ರವಾಸ ಹೊರಟವನು, ಭಾನುವಾರ ರೇಸಿಗೆ ಇಳಿಯುವವನು ಮೂವರೂ ಅದೇ ಬೈಕನ್ನು ಕೊಂಡರು. ಕೊಂಡ ಮೇಲೆ ಅದನ್ನು ಏನು ಮಾಡಿದರು ಎನ್ನುವುದೇ ಮುಂದಿನ ಹದಿನೈದು ವರ್ಷಗಳ ಕಥೆ.

ಬ್ರಿಟಿಷ್ ಬೈಕುಗಳೂ ಆಕಾರದಲ್ಲಿ ಹೀಗೇ ಇದ್ದವಲ್ಲ ಎನ್ನಬಹುದು. ಇದ್ದವು. ಆದರೆ ಅವನ್ನು ಇಟ್ಟುಕೊಳ್ಳುವುದೆಂದರೆ ಸ್ಪಾನರಿನ ಜೊತೆ ಸಂಸಾರ. ಆ ಅವಳಿ ಸಿಲಿಂಡರಿನ ಇಂಜಿನ್ನುಗಳ ಕ್ರ್ಯಾಂಕ್‌ಕೇಸು ಎಡ ಬಲ ಎಂದು ಲಂಬವಾಗಿ ಸೀಳಿಕೊಳ್ಳುತ್ತಿತ್ತು. ಜೋಡಣೆಯ ಗೆರೆ ಎಣ್ಣೆ ನಿಂತಿರುವ ತಳದವರೆಗೂ ಹಾದುಹೋಗುತ್ತಿದ್ದುದರಿಂದ ಜಿನುಗು ತಪ್ಪುತ್ತಿರಲಿಲ್ಲ. ಜಪಾನಿನವರು ಅದೇ ಪೆಟ್ಟಿಗೆಯನ್ನು ಮೇಲೆ ಕೆಳಗೆ ಎಂದು ಅಡ್ಡಕ್ಕೆ ಸೀಳಿದರು. ಗೆರೆ ಎಣ್ಣೆಯ ಮಟ್ಟಕ್ಕಿಂತ ಮೇಲಾಯಿತು, ಶೆಡ್ಡಿನ ನೆಲ ಒಣಗಿತು. ಬೆಳಗ್ಗೆ ಗುಂಡಿ ಒತ್ತಿದರೆ ಸ್ಟಾರ್ಟ್, ಸಂಜೆ ಮನೆಗೆ ಬಂದಾಗ ಬೂಟಿಗೆ ಎಣ್ಣೆ ಇಲ್ಲ. ಒಂದೇ ಬೈಕಿನಿಂದ ಹತ್ತು ಕೆಲಸ ಮಾಡಿಸಬೇಕಾದರೆ ಮೊದಲು ಅದು ದಿನಾ ಓಡಬೇಕಷ್ಟೆ. ಹಾಗೆಂದು ಸಿಬಿ750 ದೋಷವಿಲ್ಲದ್ದೇನಲ್ಲ. ಆ ಕಾಲದ ಚೈನುಗಳು ಅದರ ಎಳೆತ ತಾಳಲಾರದೆ ಸಡಿಲಗೊಂಡು, ಕೆಲವು ತುಂಡಾಗಿ, ಕ್ರ್ಯಾಂಕ್‌ಕೇಸನ್ನೇ ಒಡೆದದ್ದುಂಟು. ವೇಗದ ತಿರುವುಗಳಲ್ಲಿ ಇಂಜಿನ್ನಿನ ಬಲಕ್ಕೆ ಚೌಕಟ್ಟು ಸಾಲದು ಎನ್ನುವುದೂ ಸವಾರರಿಗೆ ಬೇಗ ಗೊತ್ತಾಯಿತು.

ಅದೇ 1969ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ 24 ಗಂಟೆಗಳ ಬೋಲ್ ದೋರ್ ರೇಸನ್ನು ಮಿಶೆಲ್ ರೂಜೆರಿ ಮತ್ತು ಡೇನಿಯಲ್ ಉರ್ದಿಚ್ ಎಂಬ ಇಬ್ಬರು ಹುಡುಗರು ಸಿಬಿ750 ಏರಿ ಗೆದ್ದರು. ಅಮೆರಿಕದವರು ಫ್ರಾನ್ಸಿನ ರೇಸಿಗೆ ತಲೆ ಕೆಡಿಸಿಕೊಳ್ಳುವವರಲ್ಲ. ಅವರನ್ನು ಒಪ್ಪಿಸಬೇಕಾದರೆ ಫ್ಲೋರಿಡಾದ ಡೇಟೋನಾದಲ್ಲೇ ಗೆಲ್ಲಬೇಕು, ಅದೂ ಮಾರ್ಚಿನ 200 ಮೈಲಿ ರೇಸಿನಲ್ಲಿ.

1970ರ ಡೇಟೋನಾ ಈ ಕಥೆಯಲ್ಲಿ ನಿಂತು ನೋಡಬೇಕಾದ ಜಾಗ. ಹೋಂಡಾ ನಾಲ್ಕು ಬೈಕುಗಳನ್ನು ಇಳಿಸಿತು. ಮೂರರ ಮೇಲೆ ಯುರೋಪಿನ ಸವಾರರಾದ ರಾಲ್ಫ್ ಬ್ರಯಾನ್ಸ್, ಟಾಮಿ ರಾಬ್, ಬಿಲ್ ಸ್ಮಿತ್. ನಾಲ್ಕನೆಯದನ್ನು ಅಮೆರಿಕದಲ್ಲೇ ಬಾಬ್ ಹ್ಯಾನ್ಸನ್ ಎಂಬವರು ನೋಡಿಕೊಂಡರು; ಸವಾರ ಡಿಕ್ ಮ್ಯಾನ್, ವಯಸ್ಸು ಮೂವತ್ತೈದು. ಬಿಎಸ್‌ಎ ಕಂಪನಿ ಅವರನ್ನು ಕೈಬಿಟ್ಟಿತ್ತು, ಕೆಲಸ ಹುಡುಕುತ್ತಿದ್ದರು. ಎದುರಿಗೆ ಬಿಎಸ್‌ಎ ಮತ್ತು ಟ್ರಯಂಫ್ ಮೂರು ಸಿಲಿಂಡರುಗಳ ದಂಡು. ಬಿಎಸ್‌ಎ ಮೇಲೆ ಸಾಕ್ಷಾತ್ ಮೈಕ್ ಹೇಲ್‌ವುಡ್. ಅಭ್ಯಾಸದ ದಿನಗಳಲ್ಲೇ ಹೋಂಡಾದ ರೋಗ ಗೊತ್ತಾಯಿತು. ಕ್ಯಾಮ್ ಚೈನನ್ನು ಬಿಗಿಹಿಡಿಯುವ ಭಾಗದ ರಬ್ಬರು ಬಿಸಿಗೆ ಕಿತ್ತು ಪುಡಿಪುಡಿಯಾಗಿ ಎಣ್ಣೆಗೆ ಸೇರುತ್ತಿತ್ತು. ಗೊತ್ತಾದರೂ ಬದಲಿಸಲು ಸಮಯವಿಲ್ಲ. ಉಳಿದ ಮೂರೂ ಹೋಂಡಾಗಳು ಗುರಿ ಮುಟ್ಟಲಿಲ್ಲ. ಹೇಲ್‌ವುಡ್ ಬೈಕೂ ಕೆಟ್ಟು ನಿಂತಿತು. ಮುಂದಿದ್ದ ಮ್ಯಾನ್ ಇಂಜಿನ್ನಿನ ಸದ್ದು ಕೇಳುತ್ತಲೇ ವೇಗ ಇಳಿಸುತ್ತಾ ಬಂದರು. ಹಿಂದಿನಿಂದ ಟ್ರಯಂಫ್ ಮೇಲೆ ಜೀನ್ ರೊಮೆರೊ ಒಂದೊಂದು ಸುತ್ತಿಗೂ ಅಂತರ ಕಡಿಮೆ ಮಾಡುತ್ತಿದ್ದರು. ಅಂತರ ಪೂರ್ತಿ ಕರಗುವ ಮೊದಲೇ ಬಾವುಟ ಬಿತ್ತು. ಗೆದ್ದದ್ದು ಹೋಂಡಾ.

ಆ ಗೆಲುವಿನ ಬೈಕು ಅಂಗಡಿಯದ್ದಲ್ಲ, ಕಾರ್ಖಾನೆಯಲ್ಲಿ ವಿಶೇಷವಾಗಿ ಮಾಡಿದ ಸಿಆರ್750 ಎನ್ನುವುದು ಬಲ್ಲವರಿಗೆ ಗೊತ್ತಿತ್ತು. ಆದರೆ ಅದರ ಬುಡ ಅಂಗಡಿಯ ಬೈಕೇ. ತನ್ನ ಮನೆ ಮುಂದೆ ನಿಂತಿರುವುದರೊಳಗೆ ಅದು ಅಡಗಿದೆ ಎಂಬ ನಂಬಿಕೆ ಒಂದು ಸಲ ಹುಟ್ಟಿದರೆ ಸಾಕು, ಬಿಚ್ಚಿ ನೋಡುವ ಕೈ ಸುಮ್ಮನಿರುವುದಿಲ್ಲ.

ಕವಾಸಾಕಿಯವರೂ 1968ರ ಹೊತ್ತಿಗೆ ನಾಲ್ಕು ಸಿಲಿಂಡರಿನ 750 ಸಿಸಿ ಬೈಕೊಂದನ್ನು ಗುಟ್ಟಾಗಿ ಸಿದ್ಧಪಡಿಸುತ್ತಿದ್ದರು. ಯೋಜನೆಯ ಗುಪ್ತನಾಮ ‘ನ್ಯೂಯಾರ್ಕ್ ಸ್ಟೇಕ್’. ಟೋಕಿಯೋ ಶೋದಲ್ಲಿ ಹೋಂಡಾ ಮುಂಚೆಯೇ ಪರದೆ ಸರಿಸಿಬಿಟ್ಟಾಗ ಅವರಿಗಾದ ನಿರಾಸೆಯನ್ನು ಊಹಿಸಬಹುದು. ಅವರು ಅವಸರ ಮಾಡಲಿಲ್ಲ. ಸುಮಾರು ನಾಲ್ಕು ವರ್ಷ ಕಾದು, ಬೆನ್ ಇನಾಮುರಾ ರೂಪಿಸಿದ ಇಂಜಿನ್ನನ್ನು 903 ಸಿಸಿಗೆ ಹಿಗ್ಗಿಸಿ, ಎರಡು ಕ್ಯಾಮ್‌ಶಾಫ್ಟು ಕೊಟ್ಟು, 1972ರಲ್ಲಿ ಜಡ್1 ಎಂದು ಹೊರಗೆ ಬಿಟ್ಟರು. 82 ಅಶ್ವಶಕ್ತಿ. ಮರುವರ್ಷ ಡೇಟೋನಾದಲ್ಲಿ 24 ಗಂಟೆ ಸತತ ಓಡಿಸಿ, ಸರಾಸರಿ ಗಂಟೆಗೆ 109 ಮೈಲಿ ಮೀರಿದ ದಾಖಲೆ ಬರೆಸಿದರು. ತಮಾಷೆಯೆಂದರೆ ಇದನ್ನು ಹುಟ್ಟಿದ ನಾಡಿನಲ್ಲೇ ಮಾರುವಂತಿರಲಿಲ್ಲ. 750 ಸಿಸಿಗಿಂತ ದೊಡ್ಡ ಬೈಕು ದೇಶದೊಳಗೆ ಮಾರಬಾರದು ಎಂದು ಜಪಾನಿ ಕಂಪನಿಗಳು ತಮಗೆ ತಾವೇ ಕಟ್ಟು ಹಾಕಿಕೊಂಡಿದ್ದವು. ಅದಕ್ಕಾಗಿ ಅದೇ ಬೈಕನ್ನು 750ಕ್ಕೆ ಕುಗ್ಗಿಸಿ ಜಡ್2 ಎಂದು ಕೊಟ್ಟರು. ಇವತ್ತು ಜಪಾನಿನ ಹಳೆ ಬೈಕಿನ ಸಂತೆಯಲ್ಲಿ ಅದಕ್ಕೇ ಪೂಜೆ.

ಯಮಾಹಾ ಬೇರೆ ದಾರಿ ಹಿಡಿಯಿತು. ಅದರ ಎಕ್ಸ್‌ಎಸ್650 ನೋಡಲಿಕ್ಕೆ ಅಪ್ಪಟ ಬ್ರಿಟಿಷ್ ಅವಳಿ ಸಿಲಿಂಡರಿನ ಬೈಕು, ಒಳಗೆ ಮಾತ್ರ ಜಪಾನಿ ಶಿಸ್ತು. ಸುಜುಕಿ ಟೂ ಸ್ಟ್ರೋಕಿಗೇ ಅಂಟಿಕೊಂಡು 1971ರಲ್ಲಿ ನೀರು ತಂಪಿನ ಜಿಟಿ750 ತಂದಿತು. ಅಮೆರಿಕದವರು ಅದನ್ನು ‘ನೀರೆಮ್ಮೆ’ ಎಂದು ಕರೆದರು. ಕೊನೆಗೆ ಸುಜುಕಿಯವರೂ ಮಣಿದು ನಾಲ್ಕು ಸಿಲಿಂಡರಿನ ಫೋರ್ ಸ್ಟ್ರೋಕ್ ಜಿಎಸ್750 ಮಾಡಿದರು. 1978ರ ಹೊತ್ತಿಗೆ ಟ್ಯಾಂಕಿನ ಮೇಲಿನ ಹೆಸರು ಮುಚ್ಚಿದರೆ ಇದು ಯಾರ ಬೈಕು ಎಂದು ಹೇಳಲು ಕಷ್ಟ ಎನ್ನುವಂತಾಗಿತ್ತು. ಎಲ್ಲದಕ್ಕೂ ಅಡ್ಡಕ್ಕೆ ಕೂತ ನಾಲ್ಕು ಸಿಲಿಂಡರು, ಮುಂದೆ ಡಿಸ್ಕು, ಹಿಂದೆ ಎರಡು ಶಾಕ್ ಅಬ್ಸಾರ್ಬರು. ಅಮೆರಿಕದ ಬೈಕ್ ಪತ್ರಕರ್ತರು ಇವನ್ನೆಲ್ಲ ಒಟ್ಟಿಗೆ ‘ಯೂನಿವರ್ಸಲ್ ಜಪಾನೀಸ್ ಮೋಟಾರ್‌ಸೈಕಲ್’ ಎಂದು ಕರೆದು ಮೂಗು ಮುರಿದರು. ವ್ಯಕ್ತಿತ್ವವಿಲ್ಲ, ಎಲ್ಲ ಒಂದೇ ಅಚ್ಚು ಎಂಬುದು ಅವರ ದೂರು. ಕಾರ್ಖಾನೆಯ ಬಾಗಿಲಲ್ಲಿ ನಿಂತು ನೋಡಿದರೆ ಆ ದೂರು ನಿಜವೇ. ಹತ್ತು ವರ್ಷ ಬಿಟ್ಟು ಅದೇ ಬೈಕುಗಳನ್ನು ಹುಡುಕಿಕೊಂಡು ಹೊರಟವರಿಗೆ ಒಂದರ ಹಾಗೆ ಇನ್ನೊಂದು ಸಿಗುತ್ತಿರಲಿಲ್ಲ.

ಇಟಲಿಯ ರಿಮಿನಿಯಲ್ಲಿ ಕಟ್ಟಡಗಳಿಗೆ ಬಿಸಿಗಾಳಿ, ತಂಪುಗಾಳಿಯ ಕೊಳವೆ ಕೂರಿಸುವ ಬಿಮೋಟಾ ಎಂಬ ಸಣ್ಣ ಕಂಪನಿಯೊಂದಿತ್ತು. ಪಾಲುದಾರರಲ್ಲಿ ಒಬ್ಬರು ಮಾಸ್ಸಿಮೋ ತಂಬುರಿನಿ. 1972ರಲ್ಲಿ ಮಿಸಾನೋ ಟ್ರ್ಯಾಕಿನಲ್ಲಿ ಅವರು ತಮ್ಮ ಸಿಬಿ750ಯಿಂದ ಬಿದ್ದು ಪಕ್ಕೆಲುಬು ಮುರಿದುಕೊಂಡರು. ಗುಣವಾಗುವವರೆಗೆ ಸುಮ್ಮನೆ ಕೂರುವ ಜಾಯಮಾನ ಅಲ್ಲ. ಇಂಜಿನ್ನಿನಲ್ಲಿ ತಪ್ಪಿಲ್ಲ, ತಪ್ಪು ಚೌಕಟ್ಟಿನದು ಎಂದು ತೀರ್ಮಾನಿಸಿ ಅದೇ ಇಂಜಿನ್ನಿಗೆ ಹೊಸ ಚೌಕಟ್ಟು ಕಟ್ಟಿದರು. ಅದಕ್ಕಿಟ್ಟ ಹೆಸರು ಎಚ್‌ಬಿ1. ಎಚ್ ಹೋಂಡಾದ್ದು, ಬಿ ಬಿಮೋಟಾದ್ದು. ಕೊಳವೆ ಬಾಗಿಸುವ ಕೈಚಳಕ ಮನೆಯಲ್ಲೇ ಇತ್ತು. ಬಿಮೋಟಾ ಮುಂದೆ ಜಗತ್ತಿನ ಅತಿ ದುಬಾರಿ ಬೈಕುಗಳನ್ನು ಮಾಡುವ ಮನೆಯಾಯಿತು. ತಂಬುರಿನಿ ಆಮೇಲೆ ಡುಕಾಟಿ 916 ರೂಪಿಸಿ ಹೆಸರಾದರು. ಇಂಗ್ಲೆಂಡಿನ ರಿಕ್‌ಮನ್ ಸೋದರರೂ ಹೋಂಡಾ, ಕವಾಸಾಕಿ ಇಂಜಿನ್ನುಗಳಿಗೆ ತಮ್ಮದೇ ಚೌಕಟ್ಟು ಮಾಡಿ ಮಾರಿದರು. ನಾಲ್ಕು ಬೋಲ್ಟು ಬಿಚ್ಚಿದರೆ ಇಂಜಿನ್ನು ಕೈಗೆ ಬರುವ ಬೈಕಾಗಿದ್ದರಿಂದಲೇ ಇದೆಲ್ಲ ನಡೆದದ್ದು.

ಜಪಾನಿನ ಫುಕುವೋಕಾದಲ್ಲಿ ಹಿಡೆಯೊ ಯೊಶಿಮುರಾ ಎಂಬ ಮೇಸ್ತ್ರಿ ಇದ್ದರು. ಯುದ್ಧದ ನಂತರ ಅಮೆರಿಕದ ಸೇನಾ ನೆಲೆಯ ಸೈನಿಕರು ತಮ್ಮ ಬೈಕು ವೇಗ ಮಾಡಿಕೊಡಿ ಎಂದು ಅವರ ಬಳಿ ಬರುತ್ತಿದ್ದರು. ಸಿಬಿ750 ಬಂದಾಗ ಅದರ ನಾಲ್ಕು ಸೈಲೆನ್ಸರುಗಳನ್ನು ಕಿತ್ತು ನಾಲ್ಕೂ ಕೊಳವೆ ಒಂದರೊಳಗೆ ಸೇರುವ ಹಾಗೆ ಮಾಡಿದರು. ತೂಕ ಇಳಿಯಿತು, ಶಕ್ತಿ ಏರಿತು, ಸದ್ದಂತೂ ಕೇಳಬೇಕು. 1978ರಲ್ಲಿ ಹೋಂಡಾ ತನ್ನದೇ ಸುಜುಕಾ ಟ್ರ್ಯಾಕಿನಲ್ಲಿ ಮೊದಲ ಎಂಟು ಗಂಟೆಯ ರೇಸು ಇಟ್ಟಿತು. ಯುರೋಪಿನಲ್ಲಿ ಮೆರೆಯುತ್ತಿದ್ದ ಅದರ ಆರ್‌ಸಿಬಿ ಬೈಕುಗಳು ಗೆಲ್ಲುವುದು ಖಂಡಿತ ಎಂದೇ ಎಲ್ಲರ ಎಣಿಕೆ. ಅವು ಕೆಟ್ಟು ಹೊರಬಿದ್ದವು. ಗೆದ್ದದ್ದು ಯೊಶಿಮುರಾ ತಯಾರಿಸಿದ ಸುಜುಕಿ ಜಿಎಸ್1000, ಸವಾರರು ಅಮೆರಿಕದ ವೆಸ್ ಕೂಲಿ ಮತ್ತು ಮೈಕ್ ಬಾಲ್ಡ್‌ವಿನ್. ಕೋಟಿಗಟ್ಟಲೆ ಸುರಿದ ಕಾರ್ಖಾನೆಯನ್ನು ಅದರ ಅಂಗಳದಲ್ಲೇ ಮೇಸ್ತ್ರಿಯ ಗ್ಯಾರೇಜು ಸೋಲಿಸಿತು.

ಅಮೆರಿಕದಲ್ಲಿ 1976ರಿಂದ ‘ಸೂಪರ್‌ಬೈಕ್’ ಎಂಬ ರೇಸು ಸರಣಿ ಶುರುವಾಗಿತ್ತು. ನಿಯಮದ ಸಾರ ಇಷ್ಟು: ಒಳಗೆ ಏನೇ ಮಾಡಿ, ನೋಡಲಿಕ್ಕೆ ಅಂಗಡಿಯ ಬೈಕಿನಂತೆ ಇರಬೇಕು. ಹೀಗಾಗಿ ಆ ಕಾಲದ ಫೋಟೋಗಳು ನೋಡಲು ಸೊಗಸು. ಅಗಲ ಹ್ಯಾಂಡಲನ್ನು ಎರಡೂ ಕೈಯಲ್ಲಿ ಹಿಡಿದು, ಮುಖಕ್ಕೆ ಗಾಳಿ ಬಡಿಯುತ್ತಿರುವಾಗಲೇ ಗಂಟೆಗೆ ಇನ್ನೂರು ಕಿಲೋಮೀಟರ್ ದಾಟಿದ ವೆಸ್ ಕೂಲಿ, ಎಡ್ಡಿ ಲಾಸನ್, ಫ್ರೆಡ್ಡಿ ಸ್ಪೆನ್ಸರ್. ಅಡಿಯಲ್ಲಿ ಚೌಕಟ್ಟು ತಿರುಚಿಕೊಳ್ಳುತ್ತಿದೆ, ಹಿಂದಿನ ಚಕ್ರ ಜಾರುತ್ತಿದೆ, ಮೆಕ್ಯಾನಿಕ್‌ಗಳು ರಾತ್ರಿ ಕೂತು ಕೊಳವೆಗಳಿಗೆ ಉಕ್ಕಿನ ತುಂಡು ಬೆಸೆದು ಬಲ ಕೊಟ್ಟಿದ್ದಾರೆ. 1979, 80ರಲ್ಲಿ ಸುಜುಕಿ ಏರಿ ಕೂಲಿ ಚಾಂಪಿಯನ್. 1981, 82ರಲ್ಲಿ ಕವಾಸಾಕಿ ಏರಿ ಲಾಸನ್. ಈ ಹುಡುಗರಲ್ಲಿ ಲಾಸನ್, ಸ್ಪೆನ್ಸರ್ ಮುಂದೆ ವಿಶ್ವ ಚಾಂಪಿಯನ್ನರಾದರು. ಅಗಲ ಹ್ಯಾಂಡಲಿನ ಆ ಭಾರದ ಬೈಕುಗಳನ್ನು ಪಳಗಿಸಿದವರಿಗೆ 500 ಸಿಸಿಯ ಗ್ರ್ಯಾನ್‌ಪ್ರೀ ಬೈಕು ಹೆದರಿಕೆ ಹುಟ್ಟಿಸಲಿಲ್ಲ. ಇದು ನನ್ನ ಊಹೆ. ಆದರೆ ತೀರ ತಪ್ಪಿರಲಾರದು.

ರೇಸಿನ ಮಾತು ಬಂದರೆ ಲೇಖಕರಿಗೆ ಮೈಮರೆವು. ನಿಜವಾಗಿ ಈ ಬೈಕುಗಳ ಆಯುಸ್ಸು ಕಳೆದದ್ದು ಹೆಚ್ಚು ಬೇಸರದ ಕೆಲಸಗಳಲ್ಲಿ. ಅಮೆರಿಕದಲ್ಲಿ ದೂರ ಪ್ರಯಾಣದ ಹುಚ್ಚಿದ್ದವರಿಗೆ ಎದುರುಗಾಳಿಯೇ ಶತ್ರು. ಇಲಿನಾಯ್ ರಾಜ್ಯದ ಕ್ರೇಗ್ ವೆಟ್ಟರ್ ಅದಕ್ಕೆ ವಿಂಡ್‌ಜಾಮರ್ ಎಂಬ ದೊಡ್ಡ ಫೈಬರಿನ ಮುಂಭಾಗ ಮಾಡಿ ಮಾರಿದರು. ಬೈಕಿಗೆ ತಕ್ಕ ಕ್ಲಾಂಪು ಬದಲಿಸಿದರೆ ಸಾಕು, ಹೋಂಡಾಗೂ ಬರುತ್ತದೆ, ಕವಾಸಾಕಿಗೂ ಬರುತ್ತದೆ. ಚೌಕಟ್ಟುಗಳು ಒಂದೇ ಅಚ್ಚಿನವು ಎಂದು ಪತ್ರಕರ್ತರು ದೂರಿದ್ದೇ ವೆಟ್ಟರ್ ಪಾಲಿಗೆ ವರವಾಯಿತು. ಹೋಂಡಾ 1975ರಲ್ಲಿ ಮಾರುಕಟ್ಟೆಗೆ ಬಿಟ್ಟ ಗೋಲ್ಡ್‌ವಿಂಗ್ ಕೂಡ ಹುಟ್ಟುವಾಗ ಬರಿಮೈಯ ಬೈಕೇ. 999 ಸಿಸಿಯ, ನೀರು ತಂಪಿನ, ಚೈನಿಲ್ಲದ ಆ ಯಂತ್ರ ಏತಕ್ಕೆ ಎಂದು ಹೋಂಡಾಕ್ಕೇ ಸ್ಪಷ್ಟವಿದ್ದಂತಿಲ್ಲ. ಕೊಂಡವರು ವಿಂಡ್‌ಜಾಮರ್ ಕಟ್ಟಿ, ಪಕ್ಕಕ್ಕೆ ಪೆಟ್ಟಿಗೆ ತೂಗಿಸಿ, ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ದೇಶ ಸುತ್ತಿ ಬಂದು ಉತ್ತರ ಹೇಳಿದರು.

ಲಂಡನ್ನಿನಲ್ಲಿ ಕಾಗದಪತ್ರ ಸಾಗಿಸುವ ಕೂಲಿ ಸವಾರರ ಅಚ್ಚುಮೆಚ್ಚು ಹೋಂಡಾದ ಸಿಎಕ್ಸ್500. 1978ರ ಈ ಬೈಕಿನ ಅಂದಕ್ಕೆ ಯಾರೂ ಮಾರುಹೋಗಲಿಲ್ಲ. ‘ಪ್ಲಾಸ್ಟಿಕ್ ಹುಳ’ ಎಂದೇ ಇಂಗ್ಲೆಂಡಿನಲ್ಲಿ ಅಡ್ಡಹೆಸರು. ನೀರು ತಂಪಿನ ವಿ ಆಕಾರದ ಇಂಜಿನ್ನು, ಸಿಲಿಂಡರುಗಳು ಎಡಕ್ಕೂ ಬಲಕ್ಕೂ ಚಾಚಿಕೊಂಡಿವೆ. ಕಾರ್ಬ್ಯುರೇಟರು ಸವಾರನ ಮೊಣಕಾಲಿಗೆ ತಾಕದಿರಲೆಂದು ಅವುಗಳ ತಲೆಯನ್ನು 22 ಡಿಗ್ರಿ ತಿರುಚಿದ್ದಾರೆ. ಚೈನಿನ ಬದಲು ಶಾಫ್ಟು, ಟ್ಯೂಬಿಲ್ಲದ ಟೈರು. ಮೊದಮೊದಲು ಕ್ಯಾಮ್ ಚೈನಿನ ತೊಂದರೆ ಇತ್ತು. ಅದು ಸರಿಹೋದ ಮೇಲೆ ಈ ಬೈಕಿಗೆ ಸಾವಿಲ್ಲ ಎನ್ನುವಂತಾಯಿತು. ದಿನವಿಡೀ ಮಳೆಯಲ್ಲಿ ಓಡಿ, ಚೈನಿಗೆ ಎಣ್ಣೆ ಹಾಕುವ ಗೋಜಿಲ್ಲದೆ, ಮರುದಿನ ಮತ್ತೆ ಓಡಬೇಕಾದವನಿಗೆ ಅಂದ ಯಾತಕ್ಕೆ?

ಕ್ಯಾಲಿಫೋರ್ನಿಯಾ ಹೆದ್ದಾರಿ ಪೊಲೀಸರು ಕವಾಸಾಕಿ ಏರಿದರು. 1977ರಿಂದ 83ರವರೆಗೆ ಓಡಿದ ‘ಚಿಪ್ಸ್’ ಟಿವಿ ಧಾರಾವಾಹಿ ಆ ಪೊಲೀಸ್ ಬೈಕನ್ನು ಮನೆಮಾತಾಗಿಸಿತು. ಡ್ರ್ಯಾಗ್ ರೇಸಿನ ರಸ್ ಕಾಲಿನ್ಸ್ ಒಂದು ಸಾಕಾಗದೆ ಮೂರು ಸಿಬಿ750 ಇಂಜಿನ್ನುಗಳನ್ನು ಸಾಲಾಗಿ ಕೂರಿಸಿ, ರೈಲು ಕಂಪನಿಯೊಂದರ ಹೆಸರಿಟ್ಟು, ಕಾಲು ಮೈಲಿ ಓಡಿಸಿದರು. ಕೆನ್ನಿ ರಾಬರ್ಟ್ಸ್ ಎಕ್ಸ್‌ಎಸ್650 ಇಂಜಿನ್ನಿನ ಬೈಕನ್ನು ಮಣ್ಣಿನ ಟ್ರ್ಯಾಕುಗಳಲ್ಲಿ ಅಡ್ಡಡ್ಡ ಜಾರಿಸುತ್ತಾ 1973, 74ರ ಅಮೆರಿಕದ ರಾಷ್ಟ್ರೀಯ ಚಾಂಪಿಯನ್ ಪಟ್ಟಕ್ಕೆ ಏರಿದರು. ಅದೇ ಇಂಜಿನ್ನಿಗೆ ಉದ್ದ ಫೋರ್ಕು ಕೊಟ್ಟು ಚಾಪರ್ ಮಾಡಿಕೊಂಡು ತಿರುಗಿದವರಿಗೆ ಲೆಕ್ಕವಿಲ್ಲ. ಹೋಂಡಾ ತಾನೇ ಒಂದು ವೇಷ ಹಾಕಿಸಲು ಹೋಗಿ, 1976ರಲ್ಲಿ ಕ್ಲಚ್ಚಿನ ಹಿಡಿಕೆಯೇ ಇಲ್ಲದ ಸಿಬಿ750ಎ ಮಾಡಿತು. ಅದು ಓಡಲಿಲ್ಲ. ಸವಾರರಿಗೆ ಬೇಕಾದ ಬದಲಾವಣೆ ಅವರೇ ಮಾಡಿಕೊಳ್ಳುತ್ತಿದ್ದಾಗ ಬೇಡದ್ದನ್ನು ಕೊಟ್ಟರೆ ಯಾರು ತಗೊಳ್ಳುತ್ತಾರೆ.

ಆದರೆ ಕಂಪನಿಗಳು ನೋಡುತ್ತಾ ಕೂತಿರಲಿಲ್ಲ. ಅಂಗಡಿಯಿಂದ ಹೊರಟ ಬೈಕಿಗೆ ಜನ ಏನೇನು ಕಟ್ಟುತ್ತಿದ್ದಾರೆ ಎಂದು ಗಮನಿಸಿ ಅದನ್ನೇ ಕಾರ್ಖಾನೆಯಲ್ಲಿ ಕಟ್ಟಿ ಮಾರಲು ಶುರುಮಾಡಿದವು. 1976ರಲ್ಲಿ ಕವಾಸಾಕಿ, ತಗ್ಗು ಸೀಟಿನ, ಚಾಪರಿನ ನೆರಳಿದ್ದ ಕೆಜಡ್900 ಎಲ್‌ಟಿಡಿ ತಂದಿತು. ಯಮಾಹಾ 1978ರಲ್ಲಿ ‘ಸ್ಪೆಷಲ್’ ಎಂಬ ಸಾಲು ತೆಗೆಯಿತು. 1980ರಲ್ಲಿ ಹೋಂಡಾದ ಗೋಲ್ಡ್‌ವಿಂಗ್ ಇಂಟರ್‌ಸ್ಟೇಟ್ ತನ್ನದೇ ಫೇರಿಂಗು, ತನ್ನದೇ ಪೆಟ್ಟಿಗೆಗಳೊಂದಿಗೆ ಬಂತು. 1982ರಲ್ಲಿ ಕವಾಸಾಕಿ, ಲಾಸನ್ ರೇಸ್ ಬೈಕಿನ ಹಸಿರು ಬಣ್ಣದ ನಕಲನ್ನು ಅಂಗಡಿಗೇ ಇಳಿಸಿತು. ಮೂಲ ಬೈಕು ಇನ್ನೂ ಅದೇ. ವೇಷ ಮಾತ್ರ ಕಾರ್ಖಾನೆಯದು.

ಅಷ್ಟರಲ್ಲಿ ಜಪಾನಿನೊಳಗೆ ಜಗಳ ಹೊತ್ತಿಕೊಂಡಿತು. 1981ರಲ್ಲಿ ಯಮಾಹಾ ಅಧ್ಯಕ್ಷ ಹಿಸಾವೊ ಕೊಯ್ಕೆ, ಹೋಂಡಾವನ್ನು ಹಿಂದಿಕ್ಕಿ ಮೊದಲ ಸ್ಥಾನ ತಮ್ಮದಾಗಿಸುತ್ತೇವೆ ಎಂದು ಬಹಿರಂಗವಾಗಿ ಘೋಷಿಸಿದರು. ಹೋಂಡಾ ಕೊಟ್ಟ ಉತ್ತರ ಕ್ರೂರವಾದದ್ದು. ಹದಿನೆಂಟು ತಿಂಗಳಲ್ಲಿ ಅದು 113 ಹೊಸ ಅಥವಾ ಬದಲಾದ ಮಾದರಿಗಳನ್ನು ಸುರಿಯಿತು. ಯಮಾಹಾ ಕೈಲಾದದ್ದು 37. ನಿನ್ನೆಯ ಬೈಕು ಇವತ್ತು ಹಳತು ಎನ್ನುವ ಸ್ಥಿತಿಯಲ್ಲಿ ಯಮಾಹಾದ ಗೋದಾಮುಗಳಲ್ಲಿ ಮಾರದ ಬೈಕು ರಾಶಿಬಿದ್ದವು. 1983ರಲ್ಲಿ ಯಮಾಹಾ ಸೋಲೊಪ್ಪಿಕೊಂಡಿತು, ಕೊಯ್ಕೆ ಕುರ್ಚಿ ಬಿಟ್ಟರು. ಈ ಸಮರದಲ್ಲಿ ಕಾರ್ಖಾನೆಗಳಿಗೆ ಒಂದು ಚಟ ಅಂಟಿಕೊಂಡಿತು. ಒಂದೇ ಬೈಕನ್ನು ಹತ್ತು ವರ್ಷ ಮಾರುವುದರ ಬದಲು ಹತ್ತು ಬಗೆಯ ಗಿರಾಕಿಗೆ ಹತ್ತು ಬೈಕು ಮಾಡುವ ಚಟ.

ಅಮೆರಿಕದಲ್ಲೂ ಮಾರದ ಜಪಾನಿ ಬೈಕುಗಳು ರಾಶಿಯಾಗಿದ್ದವು. ಮುಳುಗುತ್ತಿದ್ದ ಹಾರ್ಲೆ ಡೇವಿಡ್‌ಸನ್ ಸರ್ಕಾರದ ಮೊರೆಹೋಯಿತು. 1983ರ ಏಪ್ರಿಲಿನಲ್ಲಿ ರೇಗನ್ ಸರ್ಕಾರ 700 ಸಿಸಿಗಿಂತ ದೊಡ್ಡ ವಿದೇಶಿ ಬೈಕುಗಳ ಸುಂಕವನ್ನು ಶೇಕಡ 4.4ರಿಂದ 49.4ಕ್ಕೆ ಏರಿಸಿತು, ಐದು ವರ್ಷಗಳಲ್ಲಿ ಹಂತಹಂತವಾಗಿ ಇಳಿಸುವ ಕರಾರು. ಜಪಾನಿನವರು ಎದೆಗುಂದಲಿಲ್ಲ. 750ರ ಇಂಜಿನ್ನುಗಳನ್ನೇ ಕುಗ್ಗಿಸಿ 700 ಸಿಸಿಯೊಳಗೆ ತಂದು ಕಳಿಸಿದರು. ಹೋಂಡಾದ ಓಹಾಯೋ ಕಾರ್ಖಾನೆ, ಕವಾಸಾಕಿಯ ನೆಬ್ರಾಸ್ಕಾ ಕಾರ್ಖಾನೆ ಅಮೆರಿಕದ ನೆಲದಲ್ಲೇ ಇದ್ದವು. ಹಾರ್ಲೆ ಚೇತರಿಸಿಕೊಂಡು 1987ರಲ್ಲಿ ಸುಂಕ ಇನ್ನು ಬೇಡವೆಂದು ತಾನೇ ಹೇಳಿತು. ಆದರೆ ದೊಡ್ಡ ಸಾಮಾನ್ಯ ಬೈಕಿನ ಕಾಲ ಅಷ್ಟರಲ್ಲೇ ಮುಗಿದಿತ್ತು. 1984ರ ಕವಾಸಾಕಿ ಜಿಪಿಜಡ್900ಆರ್, 1985ರ ಸುಜುಕಿ ಜಿಎಸ್‌ಎಕ್ಸ್-ಆರ್750 ತಲೆಯಿಂದ ಬುಡದವರೆಗೆ ಪ್ಲಾಸ್ಟಿಕ್ ಹೊದ್ದು ಬಂದವು. ಅವುಗಳ ಮೇಲೆ ಕೂತರೆ ಬೆನ್ನು ಬಾಗಲೇಬೇಕು. ಇನ್ನೊಂದು ಕಡೆ ಶ್ಯಾಡೊ, ವಿರಾಗೊ ಎಂಬ ತಗ್ಗು ಸೀಟಿನ ಕ್ರೂಸರುಗಳು. ಅವುಗಳ ಮೇಲೆ ಬೆನ್ನು ಹಿಂದಕ್ಕೆ ಒರಗಲೇಬೇಕು. ಬೈಕಿನ ಮೈಯಲ್ಲಿ ಈಗ ಉತ್ತರ ಬರೆದಿತ್ತು.

ಈ ಇಡೀ ನಾಟಕದಲ್ಲಿ ನಮ್ಮ ಪಾತ್ರ ಇರಲಿಲ್ಲ. ಆಮದಿನ ಬಾಗಿಲು ಮುಚ್ಚಿದ್ದ ದಿನಗಳು. ಸಿಬಿ750 ಸೆಲ್ಫ್ ಸ್ಟಾರ್ಟಿನಲ್ಲಿ ಮೆರೆಯುತ್ತಿದ್ದಾಗ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಝೆಕ್ ಮೂಲದ 250 ಸಿಸಿಯ ಟೂ ಸ್ಟ್ರೋಕ್ ಬೈಕುಗಳನ್ನು ಮಾಡುತ್ತಿತ್ತು. ಗೇರು ಹಾಕುವ ಲಿವರನ್ನೇ ಮಡಚಿ ಮೇಲೆತ್ತಿ ಕಿಕ್ ಹೊಡೆಯುವ ಆ ಚಮತ್ಕಾರ ನಮ್ಮ ಕಡೆಯ ಎಷ್ಟೋ ಮನೆಗಳ ಬೆಳಗಿನ ವ್ಯಾಯಾಮ. ಬಾಗಿಲು ಸ್ವಲ್ಪ ತೆರೆದಾಗ ಒಳಗೆ ಬಂದದ್ದು ಜಪಾನಿನ ಕಿರಿಯ ತಲೆಮಾರು. 1983ರಲ್ಲಿ ಎಸ್ಕಾರ್ಟ್ಸ್‌ನವರು ಯಮಾಹಾ ಆರ್‌ಡಿ350ಯನ್ನು ರಾಜದೂತ್ ಹೆಸರಲ್ಲಿ ತಂದರು. ಪೆಟ್ರೋಲ್ ಲೆಕ್ಕ ಹಾಕುವ ಊರಿನಲ್ಲಿ ಅದು ಬಾಳಲಿಲ್ಲ. ಬಾಳಿದವು 100 ಸಿಸಿಯವು: 1984ರಲ್ಲಿ ಹೊಸೂರಿನಿಂದ ಇಂಡ್ ಸುಜುಕಿ, ಮರುವರ್ಷ ಹೀರೋ ಹೋಂಡಾ ಸಿಡಿ100 ಮತ್ತು ಯಮಾಹಾ ಆರ್‌ಎಕ್ಸ್100. ನೆಟ್ಟಗಿನ ಹ್ಯಾಂಡಲ್, ಚಪ್ಪಟೆ ಸೀಟು, ಬರಿಮೈ ಇಂಜಿನ್. ದೊಡ್ಡಣ್ಣನ ಅಚ್ಚೇ, ಗಾತ್ರ ಮಾತ್ರ ಎಂಟನೇ ಒಂದು ಪಾಲು. ಆರ್‌ಎಕ್ಸ್100 ಮೇಲೆ ಡೈರಿಗೆ ಹಾಲಿನ ಕ್ಯಾನು ಹೋಯಿತು, ಟ್ಯಾಂಕಿನ ಮೇಲೆ ಮಗು, ಹಿಂದೆ ಹೆಂಡತಿ ಕೂತು ಜಾತ್ರೆಗೆ ಹೋದರು, ಅದೇ ಇಂಜಿನ್ನಿನ ಪೋರ್ಟು ಅರದಿಂದ ಉಜ್ಜಿದ ಹುಡುಗರು ಖಾಲಿ ರಸ್ತೆಯಲ್ಲಿ ಪಂದ್ಯ ಕಟ್ಟಿದರು. 1996ರಲ್ಲಿ ನಿಂತ ಆ ಬೈಕಿಗೆ ಇವತ್ತು ಅಂದಿನ ಷೋರೂಮು ಬೆಲೆಯ ಹಲವು ಪಟ್ಟು ಕೇಳುತ್ತಾರೆ, ಕೊಡುವವರೂ ಇದ್ದಾರೆ.

ದೊಡ್ಡ ಬೈಕು ಪೂರ್ತಿ ಸತ್ತಿತ್ತು ಎನ್ನುವಂತಿಲ್ಲ. 1980ರ ದಶಕದ ಕೊನೆಗೆ ಪ್ಲಾಸ್ಟಿಕ್ಕು ಸಾಕಾದ ಜಪಾನಿನಲ್ಲಿ ಕವಾಸಾಕಿ ಜೆಫರ್ ಎಂಬ ಬರಿಮೈ ಬೈಕು ತಂದು ತಾನೇ ಬೆರಗಾಗುವಷ್ಟು ಮಾರಿತು. 1992ರ ಹೋಂಡಾ ಸಿಬಿ400 ಸೂಪರ್ ಫೋರ್, ಜಪಾನಿನ ಡ್ರೈವಿಂಗ್ ಶಾಲೆಗಳಲ್ಲಿ ತಲೆಮಾರುಗಟ್ಟಲೆ ಹುಡುಗ ಹುಡುಗಿಯರಿಗೆ ಸವಾರಿ ಕಲಿಸಿತು. ನೆಬ್ರಾಸ್ಕಾದ ಲಿಂಕನ್ ಕಾರ್ಖಾನೆಯಲ್ಲಿ ಪೊಲೀಸರಿಗಾಗಿ ಮಾಡುತ್ತಿದ್ದ ಕವಾಸಾಕಿ ಕೆಜಡ್1000ಪಿ, ಗಾಳಿ ತಂಪು, ಕಾರ್ಬ್ಯುರೇಟರು, ಎರಡು ಶಾಕ್ ಅಬ್ಸಾರ್ಬರಿನ ಹಳೆ ಶರೀರದಲ್ಲೇ 2005ರವರೆಗೆ ಬದುಕಿತು. ಸರ್ಕಾರಿ ನೌಕರಿಗೆ ಇರುವ ಭದ್ರತೆ ಅಂಥದ್ದು.

2017ರಲ್ಲಿ ಕವಾಸಾಕಿ, ಜಡ್1ರ ಹಳೆಯ ಚೆಲುವನ್ನೇ ಹೊದಿಸಿ ಜಡ್900ಆರ್‌ಎಸ್ ತಂದಿತು. ಟ್ಯಾಂಕಿನ ಆಕಾರ, ಹಿಂದಿನ ಬಾಲ, ಕಂದು-ಕಿತ್ತಳೆ ಬಣ್ಣ ಎಲ್ಲ ಅದೇ. ಸಣ್ಣ ಫೇರಿಂಗು, ತಗ್ಗು ಹ್ಯಾಂಡಲ್ ಇರುವ ‘ಕೆಫೆ’ ಎಂಬ ಇನ್ನೊಂದು ಮಾದರಿಯೂ ಹಿಂದೆಯೇ ಬಂತು. ಹಿಂದೆ ಶನಿವಾರ ಸಂಜೆ ಶೆಡ್ಡಿನಲ್ಲಿ ಕೂತು ಸ್ಪಾನರು ಹಿಡಿದು ಮಾಡಿಕೊಳ್ಳುತ್ತಿದ್ದ ಅಷ್ಟು ಕೆಲಸಕ್ಕೆ ಈಗ ಬೇರೆ ಹೆಸರು, ಬೇರೆ ಬೆಲೆ. ಯಾವುದು ಬೇಕೆಂದು ಗಿರಾಕಿ ಷೋರೂಮಿನಲ್ಲೇ ಹೇಳಬೇಕು.